ರತುನಿ ಒಲ್ಲೆ ಅಂದ ವರ್ಷ

...ಆದರೆ ಆಗ ಮಳೆ ಇರಲಿಲ್ಲವೇನೋ.

ಈ ಸಂಗತಿಯನ್ನು ಯಾರಿಗೆ ಹೇಳಿದರೂ ಮಳೆ ಸುರಿಸಿಯೇ ಹೇಳಿದ್ದೇನೆ. ಮಾಳಿಗೆಯ ಮೇಲೆ ಮಳೆ, ಬಾಗಿಲ ಮುಂದೆ ಮಳೆ, ಹೊಲದ ತುಂಬ ಮಳೆ, ನಡುವೆ ಸಿಕ್ಕಿಬಿದ್ದ ನಾವು ನಾಲ್ವರು. ಕಳೆದ ತಿಂಗಳು ಶಹಾಪುರದಿಂದ ದೋರನಹಳ್ಳಿ ಕಡೆಗೆ ಶೇರ್ ಆಟೋದಲ್ಲಿ ಹೋಗುತ್ತಿದ್ದೆ. ಕಾಲುವೆಯ ಸೇತುವೆ ದಾಟಿದ ಕೂಡಲೇ ಆ ವಾಸನೆ ಬಂತು. ಕೊಳೆತ ಭತ್ತದ ಹುಲ್ಲು, ನಿಂತ ನೀರು, ಆರದ ಎರೆಮಣ್ಣು. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಮೋಡದ ಗುರುತೇ ಇಲ್ಲ. ಬಿಸಿಲಿಗೆ ಆಟೋದ ತಗಡು ಕಾದಿತ್ತು. ಆ ವರ್ಷವೂ ಹೀಗೇ ಇದ್ದಿರಬೇಕು ಅನ್ನಿಸಿತು. ಒದ್ದೆ ಇದ್ದದ್ದು ನಿಜ, ಆದರೆ ಅದು ಮೇಲಿನಿಂದ ಸುರಿದದ್ದಲ್ಲ, ಕೆಳಗಿನಿಂದ ಏರಿದ್ದು. ಎಲ್ಲೆಲ್ಲೂ ನೀರು ಕಂಡ ನೆನಪಿಗೆ ಮಳೆಯನ್ನು ನಾನೇ ಸೇರಿಸಿಕೊಂಡಿದ್ದೇನೆ.

ಹಾಗಾಗಿ ಈ ಸಲ ಮಳೆ ತೆಗೆದು ಹೇಳಲು ನೋಡುತ್ತೇನೆ. ಉಳಿದದ್ದರಲ್ಲಿ ಇನ್ನೇನೇನು ತೆಗೆಯಬೇಕಾಗುತ್ತದೋ ಗೊತ್ತಿಲ್ಲ.

ನಾನು ಹೋಗುತ್ತಿದ್ದದ್ದು ಒಂದು ಹೈಸ್ಕೂಲಿಗೆ. ಹದಿಹರೆಯದವರಿಗಾಗಿ ನಾನು ಬರೆಯುವ ಮಾಯೆ-ಮಾಟದ ಕಾದಂಬರಿಗಳಲ್ಲಿ ಒಂದನ್ನು ಅಲ್ಲಿಯ ಮಕ್ಕಳು ಓದಿದ್ದರು. ಅದರಲ್ಲಿ ಒಬ್ಬ ರಾಕ್ಷಸಿ ಒಬ್ಬ ರಾಜಕುಮಾರಿಯನ್ನು ಕಲ್ಲುಮನೆಯಲ್ಲಿ ಕೂಡಿಹಾಕಿರುತ್ತಾಳೆ. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಿಮ್ಮ ರಾಕ್ಷಸಿ ಒಳ್ಳೇಕಿನೋ ಕೆಟ್ಟಾಕಿನೋ ಒಂದು ಹೇಳಿಬಿಡ್ರಿ. ಅಕೀ ಮ್ಯಾಲೆ ಸಿಟ್ಟು ಮಾಡ್ಬೇಕಂತಽ ಓದಾಕತ್ತಿದ್ದೆ. ಸಿಟ್ಟಽ ಬರವಲ್ದು. ಮತ್ತ ಬಾಗಲಾ ತೆರದ ಮ್ಯಾಲೂ ರಾಜಕುಮಾರಿ ಯಾಕ ಹೋಗಂಗಿಲ್ಲ? ನಾ ಆಗಿದ್ರ ಓಡಿ ಹೋಗ್ತಿದ್ದೆ."

"ಏ ಕೂಡ್ವಾ, ನೀ ಎಲ್ಲಿಗಿ ಓಡತಿ, ಊಟದ ಗಂಟಿ ಹೊಡದ್ರ ಅಷ್ಟಽ ಓಡತಿ" ಎಂದರು ಅವರ ಮಾಸ್ತರರು. ಎಲ್ಲರೂ ನಕ್ಕರು. ನಾನು ಏನೋ ಉತ್ತರ ಹೇಳಿದೆ. ಒಬ್ಬರಲ್ಲೇ ಒಳ್ಳೆಯದೂ ಕೆಟ್ಟದ್ದೂ ಇರುತ್ತದೆ ಎಂಬಂಥ ಮಾತು. ತಪ್ಪಲ್ಲ, ಆದರೆ ಆ ಹುಡುಗಿಗೆ ಸಾಲದು ಎಂದು ಅವಳ ಮುಖದಲ್ಲೇ ಕಂಡಿತು. ಹೇಳಬೇಕಾಗಿದ್ದದ್ದು ಇಷ್ಟು: ಆ ರಾಕ್ಷಸಿ ನಮ್ಮ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

ನಮ್ಮದು ಹೊಲದ ಮನೆ. ದೋರನಹಳ್ಳಿಯ ಬಸ್ಸು ನಿಲ್ಲುವಲ್ಲಿಂದ ಕಾಲುದಾರಿ ಹಿಡಿದು ಹೊಲಗಳ ನಡುವೆ ಸಾಕಷ್ಟು ನಡೆಯಬೇಕು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೊಂದು ಪಡಸಾಲೆ. ಅಪ್ಪ ಸುರಪುರದ ಆಚೆ ದೇವಾಪುರದಲ್ಲಿ ಮಾಸ್ತರರು. ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಅವ್ವ, ಅಕ್ಕ ನಾಗಮ್ಮ, ನಾನು, ಮತ್ತು ಅವ್ವನ ತಮ್ಮ ದೇವಪ್ಪ ಮಾಮ.

ಮಾಮ ನಮ್ಮ ಮನೆಗೆ ಬಂದದ್ದು ಅವ್ವನ ತವರೂರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ತೀರಿಕೊಳ್ಳುವ ಮುಂಚೆ ಅವ್ವನ ಕೈ ಹಿಡಿದು, "ನಿನ್ನ ಮಗಳನ್ನ ನನ್ನ ಮಗಗ ಕೊಡು, ಮನಿ ಒಡಿಯೂದು ಬ್ಯಾಡ" ಅಂದಿದ್ದಳಂತೆ. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ಹೊಸದಲ್ಲ, ಯಾರೂ ಹುಬ್ಬೇರಿಸುವುದಿಲ್ಲ. ಹಬ್ಬಕ್ಕೆ ಹೋಗಿ ಬರಲು ಒಂದು ಹೊಸ್ತಿಲೂ ಉಳಿಯದ ಅವ್ವನಿಗೆ ತವರು ಎಂದರೆ ಈ ತಮ್ಮ ಒಬ್ಬನೇ. ಅವನನ್ನು ಬೇರೆ ಮನೆಯ ಹುಡುಗಿಗೆ ಕೊಟ್ಟರೆ ಆ ತವರೂ ಹೋದಂತೆ.

ಅದೇ ನೀರು ಕಾಲುವೆಯಲ್ಲಿ ಹರಿದು ನಮ್ಮ ಹೊಲಕ್ಕೆ ಬಂತು. ಇದನ್ನು ನಾನು ದೊಡ್ಡವಳಾದ ಮೇಲೆ ಸೇರಿಸಿಕೊಂಡೆನೋ, ಆಗಲೇ ನಮಗೆ ಗೊತ್ತಿತ್ತೋ ಹೇಳಲಾರೆ. ಅವ್ವ ಮಾತ್ರ ಮೊದಲ ಸಲ ನೀರು ಬಿಟ್ಟ ದಿನ ಕಾಲುವೆಯ ದಂಡೆಗೆ ಹೋಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದ್ದಳು. ಏನು ವಾಸನೆ ಬಂತು ಎಂದು ಕೇಳಿದ್ದಕ್ಕೆ, "ಮೀನಿಂದು" ಎಂದು ಸೆರಗಿಗೆ ಕೈ ಒರೆಸಿಕೊಂಡಳು.

ನಮಗಿಂತ ಮೇಲಿನ ಹೊಲಗಳನ್ನು ಆಂಧ್ರದ ಕಡೆಯಿಂದ ಬಂದವರು ತೆಗೆದುಕೊಂಡು ಭತ್ತ ಹಚ್ಚಿದರು. ಅವರು ಗುಡಿಸಲು ಹಾಕಿಕೊಂಡಿದ್ದ ಜಾಗಕ್ಕೆ ಕ್ಯಾಂಪು ಎನ್ನುತ್ತಿದ್ದರು. ಅವರ ಗದ್ದೆಯಲ್ಲಿ ಸದಾ ನೀರು ನಿಲ್ಲಬೇಕು. ಅದು ಇಂಗಿ ಇಳಿದು ನಮ್ಮ ಕಪ್ಪು ನೆಲದಲ್ಲಿ ಏರತೊಡಗಿತು. ಜೋಳದ ಬೇರು ಕೊಳೆಯಿತು. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿತು. ಹಗಲಲ್ಲೇ ಸೊಳ್ಳೆ. ಊರಿಗೆ ಹೋಗುವ ಕಾಲುದಾರಿ ಮೊಣಕಾಲುದ್ದ ಕೆಸರಾಯಿತು, ಕಾಲಿಟ್ಟರೆ ಚಪ್ಪಲಿ ಒಳಗೇ ಉಳಿಯುತ್ತಿತ್ತು.

ಅಕ್ಕ ಆಗ ಶಹಾಪುರದ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ನಾನು ಹೈಸ್ಕೂಲು. ಇಬ್ಬರದೂ ನಿಂತಿತು.

"ದಾರಿ ಒಣಗಲಿ, ಹೋಗುವಿರಂತ" ಎಂದಳು ಅವ್ವ.

"ಅಪ್ಪ ಬರಂಗಿಲ್ಲೇನು? ಮಾಮ ದಿನಾ ಕ್ಯಾಂಪಿಗಿ ಹೋಗಂಗಿಲ್ಲೇನು?" ಎಂದಳು ಅಕ್ಕ.

"ಅವರು ಗಂಡಸರು, ಧೋತರ ಎತ್ತಿ ಕಟ್ಟಿ ಬರ್ತಾರ. ನೀ ಲಂಗಾ ಎಲ್ಲಿಮಟ ಎತ್ತಿ ಕಟ್ಟತಿ? ಸುತ್ತಮುತ್ತ ಹೊಲದಾಗ ಮಂದಿ ನಿಂತಿರ್ತದ."

ದಾರಿ ಒಣಗುವುದಿಲ್ಲ ಎಂದು ಅವ್ವನಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಕಾಲುವೆಯಲ್ಲಿ ನೀರು ಇರುವಷ್ಟು ಕಾಲ ಆ ದಾರಿ ಹಾಗೇ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ನಾವು ಹೊಸ್ತಿಲ ಮೇಲೆ ಕೂತು ಹೊರಗೆ ನೋಡುತ್ತಿದ್ದೆವು. ದೂರದ ಭತ್ತದಲ್ಲಿ ಬೆಳ್ಳಕ್ಕಿಗಳು ಇಳಿಯುತ್ತಿದ್ದವು, ಏಳುತ್ತಿದ್ದವು.

ಕಥೆ ಶುರುವಾದದ್ದು ನನ್ನ ರಗಳೆಗೆ. ಶಾಲೆ ಇಲ್ಲ, ಗೆಳತಿಯರಿಲ್ಲ ಎಂದು ನಾನು ಅಳುತ್ತ ಕೂತಾಗ ಅಕ್ಕ ಹೇನು ನೋಡುವ ನೆಪದಲ್ಲಿ ನನ್ನ ತಲೆ ಹಿಡಿದುಕೊಂಡು ಹೇಳಿದಳು: "ಒಂದು ರಾಜ್ಯದಾಗ ರತುನಿ ಅಂತ ಒಬ್ಬಾಕಿ ಇದ್ಲು. ಅಕೀಗೊಂದು ಶಾಪ ಇತ್ತು. ಅಕೀ ಎಲ್ಲಿ ಕಾಲಿಟ್ರೂ ಅಲ್ಲಿ ನೀರು ಏಳತಿತ್ತು."

"ಆಮ್ಯಾಲೆ?"

"ಆಮ್ಯಾಲೆ ಕೆಂಚವ್ವ ಅನ್ನೂ ರಾಕ್ಷಸಿ ಬಂದು ಅಕೀನ್ನ ಎತಗೊಂಡ್ಹೋಗಿ ಕಲ್ಲಮನ್ಯಾಗ ಒಗದ್ಲು. ಅಲ್ಲಿ ನೆಲಾ ಎಲ್ಲಾ ಬಂಡಿಗಲ್ಲು. ನೀರು ಏಳಂಗಿಲ್ಲ."

ದಿನವೂ ಒಂದಿಷ್ಟು. ಅಕ್ಕ ಸುಸ್ತಾದಲ್ಲಿ ನಾನು ಮುಂದುವರಿಸುತ್ತಿದ್ದೆ, ನಾನು ಸಿಕ್ಕಿಕೊಂಡಲ್ಲಿ ಅಕ್ಕ. ರತುನಿಯ ಮಾತುಗಳನ್ನು ಇಬ್ಬರೂ ಆಡುತ್ತಿದ್ದೆವು, ಒಬ್ಬಳು ಅರ್ಧ ಬಿಟ್ಟದ್ದನ್ನು ಇನ್ನೊಬ್ಬಳು ಮುಗಿಸುವಷ್ಟರ ಮಟ್ಟಿಗೆ. ಆಗ ನಮ್ಮಿಬ್ಬರ ದನಿಯೂ ಒಂದೇ ಎಂದು ಅಪ್ಪ ಅನ್ನುತ್ತಿದ್ದರು. ಬಾಗಿಲಾಚೆ ನಿಂತು ಕರೆದರೆ ಓ ಅಂದವರು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ನನಗೆ ಕಥೆ ಬೇಗ ಮುಗಿಯಬೇಕಿತ್ತು. ಕೆಂಚವ್ವನನ್ನು ಕೊಲ್ಲಬೇಕು, ರತುನಿ ಹೊರಬರಬೇಕು. ಅಕ್ಕನ ಮನಸ್ಸೂ ಹಾಗೇ ಇದ್ದಂತಿತ್ತು. ಒಂದು ಮಧ್ಯಾಹ್ನ ನಾವು ಆ ರಾಕ್ಷಸಿಯನ್ನು ಹೇಗೆ ಕೊಲ್ಲುವುದು ಎಂದು ಲೆಕ್ಕ ಹಾಕುತ್ತ ಕೂತಿದ್ದೆವು. ನಿದ್ದೆಯಲ್ಲಿ ಕತ್ತು ಹಿಚುಕಬೇಕು ಎಂದು ನಾನು, ಕುದಿಯುವ ಎಣ್ಣೆ ಸುರಿಯಬೇಕು ಎಂದು ಅಕ್ಕ. ಒಲೆಯ ಮುಂದೆ ಅವ್ವ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆಯೇ ಅಂದಳು:

"ಅಕೀ ಯಾಕ ಕೀಲಿ ಹಾಕ್ಯಾಳಂತ ಒಬ್ಬರರೆ ಕೇಳೀರೇನು?"

ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಎಂದೇ ನಮಗೆ ಗೊತ್ತಿರಲಿಲ್ಲ.

"ಕೆಂಚವ್ವಗ ಮೊದಲು ಒಂದು ಊರಿತ್ತು" ಎಂದಳು ಅವ್ವ. "ಯಾವಾಕಿನೋ ಒಬ್ಬಾಕಿ, ಇಂಥಾದಽ ಶಾಪದಾಕಿ, ಆ ಊರಾಗ ನಡದಾಡಿ ಹೋದ್ಲು. ಊರು ಮುಳುಗ್ತು. ಗುಡಿ, ಬಾವಿ, ತೊಟ್ಟಲಾ ಎಲ್ಲಾ. ಈಗ ಈ ಹುಡುಗಿ ಹೊರಗ ಕಾಲಿಟ್ರ ಇನ್ನೊಂದು ಊರು ಮುಳಗ್ತದ. ಅದಕ್ಕ ಹಿಡಕೊಂಡು ಕುಂತಾಳ. ಅಕೀಗೇನು ಖುಷಿ ಅಂತ ತಿಳದೀರೇನು ಕಾವಲ ಕಾಯೂದು?"

ಅಕ್ಕ ಅಂದಳು: "ಹಂಗಿದ್ರ ರತುನಿಗಿ ಹೇಳ್ಬೇಕಿತ್ತು. ಹೇಳಲಾರದ ಒಗದ್ರ ಅಕೀಗೇನು ಗೊತ್ತಾಗ್ತದ?"

"ಹೇಳಿದ್ರ ಕೇಳ್ತಿದ್ಲೇನು?"

"ಕೇಳ್ತಿದ್ಲು."

"ಹ್ಞಾಂ, ಕೇಳ್ತಿದ್ಲು! ಎದ್ರುತ್ತರ ಕೊಡೂದು ಬಿಟ್ಟು ಮತ್ತೊಂದು ಬರಂಗಿಲ್ಲ ಆ ಹುಡುಗಿಗಿ." ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ಅವಳ ಬೆನ್ನು ನಗುತ್ತಿತ್ತು.

ಅಂದಿನಿಂದ ಕೆಂಚವ್ವನ ಮಾತು ಅವ್ವನದಾಯಿತು. ರಾಕ್ಷಸಿಯನ್ನು ಕೊಲ್ಲುವ ಯೋಚನೆ ಅಲ್ಲಿಗೆ ಬಿತ್ತು. ನನಗೆ ಸಿಟ್ಟು ಬಂದಿತ್ತು. ಕಥೆ ಕೆಟ್ಟುಹೋಯಿತು ಅನ್ನಿಸಿತ್ತು. ನೇರ ಇದ್ದದ್ದನ್ನು ಅವ್ವ ಗಂಟು ಹಾಕಿದಳು.

ಮಾಮ ಸೇರಿದ್ದು ಆಮೇಲೆ. ಕ್ಯಾಂಪಿನವರ ಟ್ರ್ಯಾಕ್ಟರ್ ಹೊಡೆದು ಸಂಜೆ ಬಂದು, ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆದುಕೊಳ್ಳುತ್ತ ಬಾಗಿಲಲ್ಲಿ ಕೂರುತ್ತಿದ್ದ. ಅಕ್ಕನನ್ನು ಸಣ್ಣವಳಿದ್ದಾಗ ಹೆಗಲ ಮೇಲೆ ಹೊತ್ತು ಹೊಳೆಯ ದಂಡೆಯಲ್ಲಿ ತಿರುಗಿಸಿದವನು ಅವನು. ಈಜು ಕಲಿಸಿದವನೂ ಅವನೇ. ಆದರೆ ಮದುವೆಯ ಮಾತು ಮನೆಯಲ್ಲಿ ಗಟ್ಟಿಯಾದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೇರ ಮಾತಾಡಿಸುವುದನ್ನು ಬಿಟ್ಟಿದ್ದರು. ಅಕ್ಕ ಚಹಾ ತಂದರೆ ನೆಲದ ಮೇಲೆ ಇಟ್ಟು ಹೋಗುವಳು. ಮಾಮ ಅದನ್ನು ನೋಡದವನಂತೆ ಎತ್ತಿಕೊಳ್ಳುವನು.

"ಕೆಂಚವ್ವಗ ತಮ್ಮ ಇಲ್ಲೇನು?" ಎಂದು ಒಂದು ಸಂಜೆ ಕೇಳಿದ.

"ಅದಾನ" ಎಂದಳು ಅವ್ವ ಕೂಡಲೇ.

"ಅಂವನ ಹೆಸರು ಮೀನಗಣ್ಣ ಅಂತಿರ್ಲಿ" ಎಂದ ಮಾಮ. "ಮೀನಿನ ಕಣ್ಣಿನ್ಹಂಗ ಅಂವನ ಕಣ್ಣು ಮುಚ್ಚಂಗಿಲ್ಲ. ಅದಕ್ಕಽ ಅಕ್ಕ ಬಾಗಲಾ ಕಾಯಾಕ ಇಟ್ಟಾಳ."

"ಕೀಲಿ ಎಲ್ಲದ ಅಂತ ಗೊತ್ತದೇನು ಅಂವಗ?" ಅಕ್ಕ ಕೇಳಿದ್ದು ಗೋಡೆಗೆ.

"ಗೊತ್ತದ."

"ಗೊತ್ತಿದ್ದೂ ತೆಗಿಯಂಗಿಲ್ಲಂದ್ರ ಅಂವ ಎಂಥಾ ಗಂಡಸು?"

ಮಾಮ ಕಡ್ಡಿಯಿಂದ ಬೆರಳ ಸಂದಿಯ ಮಣ್ಣು ತೆಗೆಯುತ್ತಲೇ ಇದ್ದ. "ತೆಗದ್ರ ಅಂವನ ಅಕ್ಕ ಒಬ್ಬಾಕಿನಽ ಆಗ್ತಾಳ" ಎಂದ.

ಅವ್ವ ಎದ್ದು ಹೋಗಿ ಇಲ್ಲದ ಕೆಲಸವನ್ನು ಹುಡುಕಿ ಕೊಡ ಎತ್ತಿಟ್ಟಳು. ಆಗ ಮಾಮ ನಕ್ಕು ಅಂದ: "ಏ, ಕಥಿ ಮಾತು ಕಥ್ಯಾಗಽ ಇರಬೇಕು ನೋಡ್ರಿ. ಹೊಸ್ತಲಾ ದಾಟಸಬಾರದು. ಕಥ್ಯಾಗ ಅಂದದ್ದು ಹಿಡಕೊಂಡು ಮನ್ಯಾಗ ಜಗಳಾ ಮಾಡಿದ್ರ ನಾ ಕ್ಯಾಂಪಿನ್ಯಾಗಽ ಮಲಗತೀನಿ."

ಅದು ನಮ್ಮ ಮನೆಯ ಕಟ್ಟಳೆಯಾಯಿತು. ಬಹಳ ದಿನ ಯಾರೂ ಮುರಿಯಲಿಲ್ಲ. ಕಥೆಯಲ್ಲಿ ಏನು ಬೇಕಾದರೂ ಅನ್ನಬಹುದಿತ್ತು, ಕಥೆ ನಿಂತ ಕೂಡಲೇ ಯಾರಿಗೂ ಏನೂ ಕೇಳಿಸಿರಲಿಲ್ಲ. ಅಕ್ಕ ರತುನಿಯಾಗಿ, "ನಿನ್ನ ಮುಳಗಿದ ಊರಿಗಿ ನಾ ಯಾಕ ಗೋಡಿ ಆಗ್ಬೇಕು?" ಎಂದು ಕೆಂಚವ್ವನನ್ನು ಕೇಳಿದ್ದಳು. ಅವ್ವ ಕೆಂಚವ್ವನಾಗಿ, "ನನ್ನ ಬಿಟ್ಟು ನೀ ಹೋದ್ರ ನಾ ಯಾರ ಮುಂದ ಕುಂತು ಉಣ್ಣಬೇಕು?" ಅಂದಿದ್ದಳು. ಅದಾದ ಮೇಲೆ ಇಬ್ಬರೂ ಒಂದೇ ಮೊರದ ಮುಂದೆ ಕೂತು ಅಕ್ಕಿ ಹಸನು ಮಾಡಿದ್ದರು. ಕ್ಯಾಂಪಿನಿಂದ ಮಾಮ ತರುತ್ತಿದ್ದ ಆ ಅಕ್ಕಿಯನ್ನು ಅವ್ವ ಬೈಯುತ್ತಲೇ ಆರಿಸುವಳು, "ಇದನ್ನ ಉಂಡ್ರ ಹೊಟ್ಟಿ ತುಂಬಿದ್ಹಂಗಽ ಆಗಂಗಿಲ್ಲ, ಏನು ಉಣ್ತಾವೋ ಈ ಮಂದಿ."

ಈಗ ನಾನು ಬರೆಯುವಾಗ ಪಾತ್ರಗಳ ನಡುವಿನ ಸಂಬಂಧ ಜಟಿಲವಾಗಿದೆ ಎಂದು ಓದಿದವರು ಹೊಗಳುತ್ತಾರೆ. ಅದರಲ್ಲಿ ಹೊಗಳುವಂಥದು ಏನೂ ಇಲ್ಲ. ರಾಕ್ಷಸಿಗೆ ಒಂದು ಮುಳುಗಿದ ಊರು ಕೊಟ್ಟ ಕೂಡಲೇ ಅವಳ ಮೇಲೆ ಸಿಟ್ಟು ಮಾಡುವುದು ಕಷ್ಟವಾಗುತ್ತದೆ, ಅಷ್ಟೇ. ಸಿಟ್ಟು ಮಾಡಲಾಗದ ಮೇಲೆ ಓಡಿಹೋಗುವುದೂ ಕಷ್ಟ. ಹಿಂದಿನ ಬೆಂಚಿನ ಹುಡುಗಿ ಅದನ್ನೇ ಕೇಳಿದ್ದು. ಕೆಂಚವ್ವ ಬರೀ ಕೆಟ್ಟವಳಾಗಿಯೇ ಉಳಿದಿದ್ದರೆ ಅಕ್ಕ ಕೆಸರು ತುಳಿದುಕೊಂಡು ಒಂದು ದಿನ ಶಹಾಪುರಕ್ಕೆ ಹೋಗಿಬಿಡುತ್ತಿದ್ದಳೇನೋ. ಕಥೆ ನಮಗೆ ಮಾತು ಕೊಟ್ಟಿತು. ಆ ಮಾತನ್ನು ಹಿಡಿದು ಏನೂ ಮಾಡದಂತೆ ಕಟ್ಟಿಯೂ ಹಾಕಿತು.

ಹಾಗೆಂದು ಈಗ ಅನ್ನಿಸುತ್ತದೆ. ಆಗ ನನಗೆ ಹೊತ್ತು ಹೋದರೆ ಸಾಕಾಗಿತ್ತು.

ರತುನಿಯ ಆ ಮಾತು ಬಂದದ್ದು ಒಂದು ಮುಸ್ಸಂಜೆ, ಒಳಗೆ ಕತ್ತಲಾಗಿ ಹೊರಗೆ ಇನ್ನೂ ಬೆಳಕಿದ್ದ ಹೊತ್ತಿನಲ್ಲಿ. ಚಿಮಣಿ ದೀಪ ಹಚ್ಚಿರಲಿಲ್ಲ. ಒಲೆಯ ಬೆಳಕು ಅವ್ವನ ಮೊಣಕಾಲಿನವರೆಗೆ ಮಾತ್ರ. ಮಾಮ ಬಾಗಿಲಲ್ಲಿ ಎಂದಿನಂತೆ ಹೊರಗೆ ಮುಖ ಮಾಡಿ ಕೂತಿದ್ದ. ನಾನೂ ಅಕ್ಕನೂ ಮೂಲೆಯಲ್ಲಿ ಒಂದೇ ಕೌದಿಯನ್ನು ಸೊಳ್ಳೆಗಾಗಿ ತಲೆಯ ಮೇಲಿನಿಂದ ಹೊದ್ದುಕೊಂಡಿದ್ದೆವು. ಮರುವಾರ ಗೋಗಿಯಿಂದ ದೊಡ್ಡಪ್ಪ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ನಿಶ್ಚಯಕ್ಕೆ ಬರುವುದು ಗಟ್ಟಿಯಾಗಿತ್ತು. ಯಾರೂ ಅದರ ಮಾತೆತ್ತಿರಲಿಲ್ಲ.

ಕಥೆ ಎಲ್ಲಿ ನಿಂತಿತ್ತೋ ಮರೆತಿದ್ದೇನೆ. ಅವ್ವ ತಾನಾಗಿಯೇ ಕೆಂಚವ್ವನ ದನಿ ತೆಗೆದಳು. ಆ ದನಿ ಅವಳದಕ್ಕಿಂತ ಸ್ವಲ್ಪ ದಪ್ಪ.

"ರತುನಿ, ಒಂದು ಕೇಳ್ತೀನಿ. ನನ್ನ ತಮ್ಮನ ಜೋಡಿ ಇರ್ತೀಯೇನು? ಇರ್ತೀನಂದ್ರ ಬಾಗಲಾ ತೆಗಸತೀನಿ."

ರೊಟ್ಟಿ ಬಡಿಯುವ ಸದ್ದು. ಅದು ಒಂದೇ ಲಯದಲ್ಲಿ ನಡೆದಿತ್ತು.

ಕೌದಿಯ ಒಳಗಿನಿಂದ ಮಾತು ಹೊರಬಂತು: "ಒಲ್ಲೆ."

ಬಡಿಯುವುದು ನಿಂತಿತು. ಬಾಗಿಲಲ್ಲಿದ್ದ ಮಾಮನ ಬೆನ್ನು ಅಲುಗಲಿಲ್ಲ. ಅವ್ವನ ಕೈಯೊಳಗಿನ ರೊಟ್ಟಿಯ ಅಂಚು ಒಡೆದಿರಬೇಕು, ಅವಳು ಅದನ್ನು ಮುದ್ದೆ ಮಾಡಿ ಮತ್ತೆ ನಾದಿ ಮೊದಲಿನಿಂದ ಬಡಿಯತೊಡಗಿದಳು. ಅವ್ವ ರೊಟ್ಟಿ ಒಡೆದುಕೊಂಡದ್ದನ್ನು ನಾನು ಮೊದಲು ನೋಡಿದ್ದು ಅಂದು. ಇಲ್ಲ, ಇದನ್ನು ನೋಡಿರಲಾರೆ, ತಲೆಯ ಮೇಲೆ ಕೌದಿ ಇತ್ತು. ಸದ್ದು ಕೇಳಿ ಕಟ್ಟಿಕೊಂಡದ್ದು.

ಮಾಮನ ಕಟ್ಟಳೆಗೆ ತಪ್ಪದೆ ಎಲ್ಲರೂ ಎದ್ದು ಉಂಡೆವು.

ಹಿರಿಯರು ಬಂದದ್ದು ಟ್ರ್ಯಾಕ್ಟರಿನ ಮೇಲೆ. ಕೆಸರಿನಲ್ಲಿ ಅದೊಂದೇ ಬರುತ್ತಿತ್ತು. ಕ್ಯಾಂಪಿನವರನ್ನು ಕೇಳಿ ಮಾಮನೇ ಹೊಡೆದುಕೊಂಡು ಬಂದಿದ್ದ, ತನ್ನ ನಿಶ್ಚಯಕ್ಕೆ ತಾನೇ ಹಿರಿಯರನ್ನು ಹೇರಿಕೊಂಡು. ಒಳಗಿನ ಕಿಟಕಿಯಿಂದ ನೋಡುತ್ತಿದ್ದ ಅಕ್ಕ ನನ್ನ ಕಿವಿಯಲ್ಲಿ ಅಂದಳು: "ನೋಡು, ಕಾಲೇಜಿಗಿ ದಾರಿ ಇಲ್ಲ, ಹಿರ್‍ಯಾರಿಗಿ ಅದ."

ದೊಡ್ಡಪ್ಪ ಸೊಂಟ ಹಿಡಿದುಕೊಂಡು ಇಳಿದರು. "ಏ ದೇವ್ಯಾ, ಟ್ರ್ಯಾಕ್ಟರ್ ಹೊಡಿತಿಯೋ ಕ್ವಾಣ ಓಡಸತಿಯೋ? ನಿನ್ನ ಮದಿವಿ ನೋಡೂದರಾಗ ನನ್ನ ಹೆಣಾ ನೋಡ್ಬೇಕಾಗಿತ್ತು."

ಎಲ್ಲರೂ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಅಪ್ಪ ತೊಳೆದ ಅಂಗಿ ಹಾಕಿಕೊಂಡು ಗೋಡೆಗೆ ಒರಗಿದ್ದರು. ಮೊದಲಿನಿಂದಲೂ ಈ ವಿಷಯದಲ್ಲಿ ಅವರದು ಇದ್ದೂ ಇಲ್ಲದ ಮಾತು. ಅವ್ವನ ತವರನ್ನು ತಾವು ಮುಳುಗಿಸಲಿಲ್ಲವಾದರೂ ಮುಳುಗಿಸಿದವರಂತೆ ಅವಳ ಮುಂದೆ ಸುಮ್ಮನಿರುತ್ತಿದ್ದರು.

ನಮ್ಮವರಲ್ಲಿ ನಿಶ್ಚಯದ ದಿನ ಹುಡುಗಿಯನ್ನು ಕೇಳುವುದಿಲ್ಲ. ಹುಡುಗಿಯ ತಾಯಿಯನ್ನು ಕೇಳುತ್ತಾರೆ. ತಾಯಿ ತಾಟಿನಿಂದ ಎಲೆ ಅಡಿಕೆ ಎತ್ತಿ ಹುಡುಗನ ಕೈಗೆ ಕೊಟ್ಟರೆ ಮಾತು ಮುಗಿಯಿತು. ಸ್ವಂತ ತಮ್ಮನಿಗೇ ಕೊಡುವಲ್ಲಿ ಇದು ಬರೀ ಶಾಸ್ತ್ರ, ಕಣ್ಣು ಮುಚ್ಚಿ ಮಾಡುವಂಥದು.

"ಏನವಾ ಭೀಮವ್ವ, ನಿನ್ನ ಮಗಳನ್ನ ನಿನ್ನ ತಮ್ಮಗ ಕೊಡ್ತೀಯಿಲ್ಲ?" ಎಂದರು ದೊಡ್ಡಪ್ಪ, ಉತ್ತರ ಬರುವ ಮುಂಚೆಯೇ ಚಹಾದ ಕಡೆ ಕಣ್ಣು ಹಾಯಿಸುತ್ತ.

ಅವ್ವ ಸೆರಗು ಹೊದ್ದು ತಾಟಿನ ಮುಂದೆ ಕೂತಿದ್ದಳು. ಕೈ ಮುಂದೆ ಬರಲಿಲ್ಲ.

"ಭೀಮವ್ವ?"

"ರತುನಿ ಒಲ್ಲೆ ಅಂದಾಳ್ರಿ" ಎಂದಳು ಅವ್ವ.

ದೊಡ್ಡಪ್ಪ ಅಪ್ಪನ ಮುಖ ನೋಡಿದರು, ಅಪ್ಪ ಮಾಮನ ಮುಖ ನೋಡಿದರು. ಒಳಗೆ ಅಕ್ಕ ನನ್ನ ರಟ್ಟೆ ಹಿಡಿದಳು, ಉಗುರು ಒಳಗಿಳಿಯುವಂತೆ.

"ರತುನಿ ಅಂದ್ರ ಯಾರವಾ?" ಎಂದರು ದೊಡ್ಡಪ್ಪ. "ನಿನ್ನ ಮಗಳ ಹೆಸರು ನಾಗಮ್ಮ. ನಾನಽ ಇಟ್ಟೀನಿ. ತೊಟ್ಟಲದಾಗ ಕೂಗಿದಾವ ನಾ. ರತುನಿ ಎಲ್ಲಿಂದ ಬಂದ್ಲು?"

ಒಬ್ಬ ಹಿರಿಯ, "ಹೆಣ್ಮಗಳಿಗಿ ಗಾಳಿ ಗೀಳಿ ಹಿಡದದೇನು ನೋಡ್ರಿ, ಕಾಲವಿ ದಂಡಿ ಮನಿ" ಎಂದು ಪಿಸುಗುಟ್ಟಿದ. ಮಾಮ ಎದ್ದು ನಿಂತ. ಅವನ ಮುಖದ ಮೇಲೆ ಏನಿತ್ತು ಎಂದು ನಾನು ಇಷ್ಟು ವರ್ಷ ನೆನಪಿಸಿಕೊಳ್ಳಲು ನೋಡಿದ್ದೇನೆ. ಕಿಟಕಿಯಿಂದ ಅವನ ಹೆಗಲು ಮಾತ್ರ ಕಾಣುತ್ತಿತ್ತು.

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ" ಎಂದ. "ಅಕೀ ಒಲ್ಲೆ ಅಂದ್ರ ಆಯ್ತು ಬಿಡ್ರಿ. ಚಾ ಕುಡೀರಿ, ಆರ್ತದ."

ಅಷ್ಟೇ. ಬೈಗುಳ ಆಮೇಲೆ ಬಂದವು, ದೊಡ್ಡಪ್ಪ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಮಾಮ ಹಿರಿಯರನ್ನು ಟ್ರ್ಯಾಕ್ಟರಿನಲ್ಲಿ ಬಿಟ್ಟುಬರಲು ಹೋದವನು ತಿರುಗಿ ಬಂದ, ಉಂಡ, ಕೆಲವು ದಿನ ಇದ್ದ. ಆಮೇಲೆ ಅಣೆಕಟ್ಟಿನ ಹಿನ್ನೀರಿನ ಕಡೆ ಮೀನು ಹಿಡಿಯುವವರ ಜೊತೆ ಸೇರಿಕೊಂಡ. ಹೋಗುವಾಗ ಅವ್ವ ರೊಟ್ಟಿಯ ಗಂಟು ಕಟ್ಟಿಕೊಟ್ಟಳು. ಅಕ್ಕ ಹೊರಗೆ ಬರಲಿಲ್ಲ. ಅವನು ಕೆಸರಲ್ಲಿ ಕಾಲು ಕಿತ್ತು ಕಿತ್ತು ಹೋಗುವುದನ್ನು ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಆ ಹಿನ್ನೀರಿನ ಕೆಳಗೇ ಅವರ ಊರು ಇತ್ತು.

ಅಕ್ಕನನ್ನು ಅಪ್ಪ ಶಹಾಪುರದ ಹಾಸ್ಟೆಲ್ಲಿಗೆ ಹಾಕಿದರು. ಕೆಸರು ದಾಟಲು ಅವಳು ಅಪ್ಪನ ಹಳೆಯ ಪ್ಯಾಂಟು ಹಾಕಿಕೊಂಡು ಹೋದಳು. ಅವ್ವ ಏನೂ ಅನ್ನಲಿಲ್ಲ. ನಾನೂ ಕೆಲವು ದಿನಗಳಲ್ಲಿ ಹಾಗೆಯೇ ಶಾಲೆಗೆ ಹೋಗತೊಡಗಿದೆ. ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡಿದರು, ಮತ್ತೆ ಬಗ್ಗಿ ನಾಟಿ ಹಚ್ಚಿದರು. ಕಥೆಯನ್ನು ಆಮೇಲೆ ಯಾರೂ ಮುಂದುವರಿಸಲಿಲ್ಲ.

ಇಲ್ಲಿಗೆ ಮುಗಿಸಿದರೆ ಚೆಂದ. ರಾಕ್ಷಸಿಯೇ ಬಾಗಿಲು ತೆರೆದಳು, ಹುಡುಗಿ ಹೊರಗೆ ಹೋದಳು. ನನ್ನ ಪುಸ್ತಕದಲ್ಲಿ ಹಾಗೆ ಮುಗಿಸಲು ನೋಡಿ ಆಗಲಿಲ್ಲ. ಈಗ ಇಲ್ಲೂ ಆಗುವುದಿಲ್ಲ, ಯಾಕೆಂದರೆ ಅಕ್ಕ.

ಅಕ್ಕ ಈಗ ಯಾದಗಿರಿಯಲ್ಲಿದ್ದಾಳೆ. ಟೀಚರಾಗಿ ನಿವೃತ್ತಳಾಗಿದ್ದಾಳೆ. ಮದುವೆ ತಡವಾಗಿ ಆಯಿತು. ಗಂಡ ಒಳ್ಳೆಯವರು, ಇಬ್ಬರಿಗೂ ಹೊಂದಿಕೆ ಇದೆ. ಆ ಹೈಸ್ಕೂಲಿನಿಂದ ನಾನು ನೇರ ಅವಳ ಮನೆಗೇ ಹೋದೆ. ಹಿಂದಿನ ಬೆಂಚಿನ ಹುಡುಗಿಯ ಮಾತು ಹೇಳಿ ನಕ್ಕೆವು. ನಾನು ಅಂದೆ, ಆ ದಿನ ನೀನು ಒಲ್ಲೆ ಅನ್ನದೇ ಹೋಗಿದ್ದರೆ ಏನಾಗುತ್ತಿತ್ತು ನೋಡು ಎಂದು.

ಅಕ್ಕ ಸೋಸುತ್ತಿದ್ದ ಮೆಂತ್ಯದ ಪಲ್ಲೆಯನ್ನು ಕೆಳಗಿಟ್ಟಳು.

"ನಾ ಎಲ್ಲಿ ಅಂದೆ? ನೀ ಅಂದಿ."

"ಏ, ಇಲ್ಲ ಬಿಡು."

"ನೀನಽ ಅಂದಿ, ಶಾಂತಿ. ನಾ ಬಾಯಿ ತೆಗಿಯೂದರಾಗ ನೀ ಅಂದಿ. ನಾ ಏನಂತಿದ್ದೆ ಅಂತ ನನಗಽ ಗೊತ್ತಿದ್ದಿಲ್ಲ. ಅಂವ ಬೆನ್ನು ಮಾಡಿ ಕುಂತಿದ್ದ. ತಿರುಗಿ ನೋಡಲಿ ಅಂತ ಕೌದಿ ಸಂದ್ಯಾಗಿಂದ ಕಾಯಾಕತ್ತಿದ್ದೆ. ಒಂದು ಸಲ ತಿರುಗಿ ನೋಡಿದ್ರ..." ಪಲ್ಲೆಯ ಕಡ್ಡಿಯೊಂದನ್ನು ಮುರಿದು ಬಿಸಾಡಿದಳು. "ಇರ್ಲಿ. ಈಗ್ಯಾಕ ಅದು?"

"ಹಿರ್‍ಯಾರು ಬಂದಾಗ ನನ್ನ ರಟ್ಟಿ ಹಿಡದಿದ್ದಿಯಲ್ಲ?"

"ಹಿಡದಿದ್ದೆ. ಅವ್ವ ಹಂಗಂದಾಗ ಹೊರಗ ಹೋಗಿ ಇಲ್ಲ ಅನ್ಬೇಕೋ ಸುಮ್ಕಿರಬೇಕೋ ತಿಳೀಲಿಲ್ಲ. ರತುನಿ ಮಾತು ನಾ ಹೊರಗ ಹ್ಯಾಂಗ ಹೇಳ್ಲಿ? ಕಥಿ ಮಾತು ದಾಟಸಬಾರದಂತ ಇತ್ತಲ್ಲ. ಅವ್ವ ದಾಟಿಸಿದ್ಲು. ನಾ ದಾಟಸಲಿಲ್ಲ."

ಮಾಮನನ್ನು ಕೇಳಬೇಕೆಂದು ಹಿನ್ನೀರಿನ ದಂಡೆಯಲ್ಲಿ ಅವನು ಈಗ ಇರುವ ಊರಿಗೂ ಹೋದೆ. ಮದುವೆ ಮಾಡಿಕೊಂಡಿದ್ದ, ಹೆಂಡತಿ ತೀರಿಕೊಂಡಿದ್ದಾಳೆ. ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತ ಕೂತಿದ್ದ. ಗಂಟು ಈಗಲೂ ಸರಿಯಾಗಿ ಬೀಳುತ್ತದೆ.

"ನಾಗಿ ಅಂದ್ಲು" ಎಂದ. "ಅಕೀ ದನಿ ನನಗ ಗೊತ್ತಾಗಂಗಿಲ್ಲೇನು? ಹೆಗಲ ಮ್ಯಾಲೆ ಕುಂತು ಮಾಮಾ ಮಾಮಾ ಅಂತ ಕಿವಿ ಕಚ್ಚಾಕಿ. ಅಕೀನಽ ಅಂದ್ಲು. ಅಂದದ್ದು ಚಲೋನಽ ಆಯ್ತು." ಇನ್ನೊಂದು ಗಂಟು ಹಾಕಿ ಕೇಳಿದ: "ಯಾಕ, ಅಕೀ ಏನಂತಾಳ?"

ನಾನು, ಅಕ್ಕನಿಗೆ ನೆನಪಿಲ್ಲವಂತೆ ಎಂದೆ.

ಅವ್ವ ತೀರಿಕೊಳ್ಳುವ ಮುಂಚಿನ ವರ್ಷ ಅವಳನ್ನೂ ಒಮ್ಮೆ ಕೇಳಿದ್ದೆ. ಆಗ ನನ್ನ ಪ್ರಶ್ನೆ ಬೇರೆಯಿತ್ತು: ಹಿರಿಯರ ಮುಂದೆ ರತುನಿಯ ಹೆಸರು ಬಾಯಿತಪ್ಪಿ ಬಂದದ್ದೋ, ಬೇಕೆಂದೇ ಅಂದದ್ದೋ ಎಂದು. ಅವ್ವ, "ಯಾರರೆ ಒಬ್ಬರು ತಗೀಬೇಕಾಗಿತ್ತಲ್ಲ" ಎಂದಳು. ಏನನ್ನು ಎಂದು ಕೇಳುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದಳು.

ಆ ಕೌದಿಯ ಒಳಗನ್ನು ನಾನು ಮತ್ತೆ ಮತ್ತೆ ಹೊಕ್ಕು ನೋಡುತ್ತೇನೆ. ಅಕ್ಕನ ಬೆವರಿನ ವಾಸನೆ ಇದೆ, ಸೊಳ್ಳೆಯ ಗುಂಯ್ ಇದೆ, ರೊಟ್ಟಿಯ ಸದ್ದಿದೆ. ಒಲ್ಲೆ ಎಂಬ ಮಾತೂ ಇದೆ. ನನ್ನ ಬಾಯಿ ಅಲುಗಿತೇ ಎಂದು ನೋಡಿದರೆ ಅಲುಗಿದಂತೆ ಕಾಣುತ್ತದೆ. ಅಕ್ಕನದು ಅಲುಗಿತೇ ಎಂದು ನೋಡಿದರೆ ಅದೂ ಅಲುಗುತ್ತದೆ. ನಾನು ಅಂದಿದ್ದರೆ ಕಥೆ ಹೇಳುವ ಭರದಲ್ಲಿ ಅಂದೆನೇ, ಅಕ್ಕ ನಮ್ಮನ್ನು ಬಿಟ್ಟು ಮಾಮನವಳಾಗುತ್ತಾಳೆ ಎಂದು ಅಂದೆನೇ, ಅವಳನ್ನು ಬಿಡಿಸಬೇಕೆಂದು ಅಂದೆನೇ? ಅವಳೇ ಅಂದಿದ್ದರೆ, ಈಗ ಅಂದಿಲ್ಲ ಎನ್ನುವುದು ಯಾಕೆ? ಯಾರೂ ಅನ್ನದೇ ಹೋಗಿದ್ದರೆ ಆ ಮಾಮ, ಆ ಅಕ್ಕ, ಇಬ್ಬರೂ ಸುಖವಾಗಿರುತ್ತಿದ್ದರೇ?

ನನಗೆ ಗೊತ್ತಿಲ್ಲ. ಒಲ್ಲೆ ಅಂದದ್ದು ಯಾರೆಂದು ಗೊತ್ತಿಲ್ಲ, ಅಂದವಳಿಗೆ ಒಲ್ಲದ್ದು ಏನೆಂದೂ ಗೊತ್ತಿಲ್ಲ.